ಶತ್ರುವಿಗೆ ಕೋರೆಹಲ್ಲು ಬರೆದರೆ ಯಾರೂ ಕೇಳುವುದಿಲ್ಲ

2025ರ ಮೇ 7ರ ನಸುಕಿನಲ್ಲಿ ‘ಆಪರೇಷನ್ ಸಿಂಧೂರ’ದ ಸುದ್ದಿಯನ್ನು ಭಾರತೀಯ ಸೇನೆ ದೇಶಕ್ಕೆ ತಿಳಿಸಿದ್ದು ಒಂದು ಚಿತ್ರದ ಮೂಲಕ. ಕಪ್ಪು ಹಿನ್ನೆಲೆ, ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ಕಾರ್ಯಾಚರಣೆಯ ಹೆಸರು, ಒಂದು ‘ಓ’ ಇರಬೇಕಾದ ಕಡೆ ಸಿಂಧೂರದ ಬಟ್ಟಲು, ಅದರ ಸುತ್ತ ಚೆಲ್ಲಿದ ಕೆಂಪು. ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಗಂಡಂದಿರನ್ನು ಕಳೆದುಕೊಂಡ ಹೆಣ್ಣುಮಕ್ಕಳ ಸಂಕಟವನ್ನು ಅದು ಒಂದು ಸಾಲಿನ ವಿವರಣೆಯೂ ಇಲ್ಲದೆ ಹೇಳುತ್ತಿತ್ತು. ಭಿತ್ತಿಪತ್ರವೆಂದು ನೋಡಿದರೆ ಪಳಗಿದ ಕೈಯ ಕೆಲಸ. ಬೆಳಗಾಗುವಷ್ಟರಲ್ಲಿ ಎಷ್ಟೋ ಜನರ ವಾಟ್ಸ್‌ಆ್ಯಪ್ ಸ್ಟೇಟಸ್ ಅದೇ ಆಗಿತ್ತು.

ಆಮೇಲಿನ ಮೂರು ದಿನ ಬಂದ ಸರಕೇ ಬೇರೆ. ‘ಆರ್ಮಾ 3’ ಎಂಬ ವಿಡಿಯೊ ಗೇಮ್‌ನ ತುಣುಕುಗಳು ವಾಯುದಾಳಿಯ ದೃಶ್ಯಗಳಾಗಿ ಗಡಿಯ ಎರಡೂ ಕಡೆ ಓಡಾಡಿದವು. ಪಾಕಿಸ್ತಾನದ ಸೇನಾ ವಕ್ತಾರ ತಮ್ಮ ಎರಡು ವಿಮಾನ ಹೋದವೆಂದು ಒಪ್ಪಿಕೊಳ್ಳುವ ಡೀಪ್‌ಫೇಕ್ ಬಂತು. ನಮ್ಮ ಕೆಲವು ಟಿವಿ ವಾಹಿನಿಗಳು ಒಂದು ರಾತ್ರಿಯ ಮಟ್ಟಿಗೆ ಕರಾಚಿ ಬಂದರನ್ನೇ ಮುಳುಗಿಸಿದವು. ಶತ್ರುವನ್ನು ಹಂದಿ, ನಾಯಿ, ಹಾವು ಮಾಡಿದ ಎಐ ಚಿತ್ರಗಳನ್ನು ಮನೆ ಮನೆಯ ಫ್ಯಾಮಿಲಿ ಗ್ರೂಪುಗಳೇ ಪುಗಸಟ್ಟೆಯಾಗಿ ಹಂಚಿದವು. ಇದೇ ದಿನಗಳಲ್ಲಿ ಭಾರತದಲ್ಲಿ 8000ಕ್ಕೂ ಹೆಚ್ಚು ಖಾತೆಗಳನ್ನು ತಡೆಯುವಂತೆ ಸರ್ಕಾರ ಆದೇಶಿಸಿದೆ ಎಂದು ಎಕ್ಸ್ ಸಂಸ್ಥೆ ಹೇಳಿತು.

ಯುದ್ಧಕಾಲದ ಚಿತ್ರಗಳ ಬಗ್ಗೆ ಚರ್ಚೆ ಎದ್ದಾಗಲೆಲ್ಲ ಕೇಳಿಬರುವ ಪ್ರಶ್ನೆ, ಅವು ಜನರನ್ನು ಕೆರಳಿಸುತ್ತವೆಯೇ ಎಂಬುದು. ನನಗೆ ಅದಕ್ಕಿಂತ ಕಾಡುವ ಪ್ರಶ್ನೆ ಇನ್ನೊಂದಿದೆ: ಇಂಥವು ಗೋಡೆ ತುಂಬಿದ ಮೇಲೆ ಯಾವ ಚಿತ್ರಕ್ಕೆ ಜಾಗ ಇಲ್ಲದಂತಾಗುತ್ತದೆ?

ಜನರನ್ನು ಕೆರಳಿಸುವ ವಿಷಯದಲ್ಲಿ ಭಿತ್ತಿಪತ್ರಗಳಿಗೆ ನಾವು ಕೊಟ್ಟಿರುವ ಮರ್ಯಾದೆ ಸ್ವಲ್ಪ ಹೆಚ್ಚೇ ಆಯಿತು. ಬ್ರಿಟನ್ನಿನ ಯುದ್ಧಮಂತ್ರಿ, ದಪ್ಪ ಮೀಸೆಯ ಲಾರ್ಡ್ ಕಿಚನರ್ ನೋಡುಗನತ್ತ ಬೆರಳು ಚಾಚಿ ‘ನಿನ್ನ ದೇಶಕ್ಕೆ ನೀನು ಬೇಕು’ ಎನ್ನುವ ಚಿತ್ರ ಯಾರಿಗೆ ಗೊತ್ತಿಲ್ಲ? ಆಲ್ಫ್ರೆಡ್ ಲೀಟ್ ಬರೆದ ಆ ಚಿತ್ರ ಮೊದಲು ಕಾಣಿಸಿಕೊಂಡದ್ದು 1914ರ ಸೆಪ್ಟೆಂಬರ್ 5ರ ‘ಲಂಡನ್ ಒಪಿನಿಯನ್’ ವಾರಪತ್ರಿಕೆಯ ಮುಖಪುಟವಾಗಿ. ಅದು ಭಿತ್ತಿಪತ್ರವಾಗಿ ಗೋಡೆಗೆ ಬರುವ ಹೊತ್ತಿಗೆ ಬ್ರಿಟನ್ನಿನಲ್ಲಿ ತಾವಾಗಿ ಸೇನೆ ಸೇರುವವರ ಅತಿ ದೊಡ್ಡ ಅಲೆ ಇಳಿಯತೊಡಗಿತ್ತು. ತಲೆಗೆ ಕೆಂಪು ವಸ್ತ್ರ ಕಟ್ಟಿ ತೋಳು ಮಡಿಸಿ ನಿಂತ ಅಮೆರಿಕದ ಕಾರ್ಮಿಕ ಹೆಣ್ಣಿನ ಚಿತ್ರ ಇಂದು ಟೀ ಶರ್ಟುಗಳ ಮೇಲೆಲ್ಲ ಇದೆ. ಆದರೆ 1943ರ ಫೆಬ್ರುವರಿಯಲ್ಲಿ ಅದನ್ನು ಅಂಟಿಸಿದ್ದು ವೆಸ್ಟಿಂಗ್‌ಹೌಸ್ ಕಂಪನಿಯ ಕಾರ್ಖಾನೆಗಳೊಳಗೆ, ಅದೂ ಎರಡು ವಾರದ ಮಟ್ಟಿಗೆ. ಹೆಸರಾದದ್ದು 1980ರ ದಶಕದಲ್ಲಿ. ‘ಕೀಪ್ ಕಾಮ್ ಆ್ಯಂಡ್ ಕ್ಯಾರಿ ಆನ್’ (ಶಾಂತರಾಗಿರಿ, ಕೆಲಸ ಮುಂದುವರಿಸಿ) ಎಂಬ ಬ್ರಿಟಿಷ್ ಭಿತ್ತಿಪತ್ರದ ಕಥೆ ಇನ್ನೂ ತಮಾಷೆಯದು. 1939ರಲ್ಲಿ 24 ಲಕ್ಷಕ್ಕೂ ಹೆಚ್ಚು ಪ್ರತಿ ಅಚ್ಚಾಯಿತು, ಭಾರೀ ಬಾಂಬ್ ದಾಳಿಯ ದಿನಕ್ಕೆಂದು ಗೋದಾಮಿನಲ್ಲಿ ಕಾದಿರಿಸಿದರು, ಕೊನೆಗೆ ಬಹುಪಾಲನ್ನು ರದ್ದಿಗೆ ಹಾಕಿದರು. 2000ದಲ್ಲಿ ಇಂಗ್ಲೆಂಡಿನ ಆನಿಕ್ ಊರಿನ ಹಳೇ ಪುಸ್ತಕದಂಗಡಿಯೊಂದರ ಪೆಟ್ಟಿಗೆಯಲ್ಲಿ ಒಂದು ಪ್ರತಿ ಸಿಗದಿದ್ದರೆ ಇಂದಿನ ಕಾಫಿ ಮಗ್‌ಗಳಿಗೆ ಬೇರೇನಾದರೂ ಹುಡುಕಬೇಕಿತ್ತು.

ಕಿಚನರ್‌ನ ಬೆರಳು ಮಾತ್ರ ದೇಶಾಂತರ ಹೋಯಿತು. 1917ರಲ್ಲಿ ಜೇಮ್ಸ್ ಮಾಂಟ್ಗೊಮರಿ ಫ್ಲ್ಯಾಗ್ ತನ್ನದೇ ಮುಖಕ್ಕೆ ಬಿಳಿ ಗಡ್ಡ ಅಂಟಿಸಿ ಅಂಕಲ್ ಸ್ಯಾಮ್ ಮಾಡಿದ, 40 ಲಕ್ಷಕ್ಕೂ ಹೆಚ್ಚು ಪ್ರತಿ ಅಚ್ಚಾಯಿತು. 1920ರಲ್ಲಿ ದಿಮಿತ್ರಿ ಮೂರ್ ಅದೇ ಬೆರಳನ್ನು ಸೋವಿಯತ್ ರಷ್ಯಾದ ಕೆಂಪು ಸೈನಿಕನಿಗೆ ಕೊಟ್ಟ. 2025ರಲ್ಲಿ ಅಮೆರಿಕದ ವಲಸೆ ಜಾರಿ ಪಡೆಗೆ ಜನ ಸೇರಿಸಲೂ ಅಂಕಲ್ ಸ್ಯಾಮನನ್ನೇ ಕರೆತಂದರು.

ವಸಾಹತುಗಳಲ್ಲಿ ಈ ಬೆರಳಿಗೆ ಒಂದು ಸಂಕಟವಿತ್ತು. ‘ನಿನ್ನ ದೇಶ’ ಎಂದರೆ ಯಾವ ದೇಶ? ಮೊದಲ ಮಹಾಯುದ್ಧದಲ್ಲಿ ಭಾರತದಿಂದ 10 ಲಕ್ಷಕ್ಕೂ ಹೆಚ್ಚು ಜನ ಹೊರದೇಶಗಳಿಗೆ ಹೋದರು. 1918ರ ಸೆಪ್ಟೆಂಬರ್ 23ರಂದು ಹೈಫಾ ಗೆದ್ದ ಕುದುರೆ ಪಡೆಗಳಲ್ಲಿ ಜೋಧಪುರದವರ ಜತೆ ಮೈಸೂರು ಲ್ಯಾನ್ಸರ್ಸ್ ಇದ್ದರು. ಇಲ್ಲಿನ ಭರ್ತಿ ಪೋಸ್ಟರುಗಳಲ್ಲಿ ಒಂದು ಬಹಳ ನೇರವಾದದ್ದು. ಸಮವಸ್ತ್ರ, ರೂಪಾಯಿ, ಬಂದೂಕು ಬರೆದು, ‘ಇವನ್ನು ಯಾರು ತೆಗೆದುಕೊಳ್ಳುತ್ತಾರೆ? ತಕ್ಷಣ ಭರ್ತಿಯಾಗುವವನು’ ಎಂದು ಅಡಿಬರಹ ಕೊಟ್ಟಿದ್ದರು. ದೇಶದ ಮಾತೇ ಇಲ್ಲ, ಕೂಲಿಯ ಮಾತು. ಸಾಮ್ರಾಜ್ಯದ ಇಡೀ ಪ್ರಚಾರ ಸಾಹಿತ್ಯದಲ್ಲಿ ಇಷ್ಟು ಪ್ರಾಮಾಣಿಕವಾದ ಸಾಲು ಇನ್ನೊಂದು ಇರಲಾರದು.

ಇನ್ನು ಶತ್ರುವನ್ನು ರಾಕ್ಷಸನಾಗಿಸುವ ಚಿತ್ರಗಳು. 1917ರ ಒಂದು ಅಮೆರಿಕನ್ ಪೋಸ್ಟರಿನಲ್ಲಿ ಜರ್ಮನಿ ಎಂದರೆ ಮೊನೆಯುಳ್ಳ ಹೆಲ್ಮೆಟ್ ತೊಟ್ಟ ಗೊರಿಲ್ಲಾ. ಒಂದು ಕೈಯಲ್ಲಿ ದೊಣ್ಣೆ, ಇನ್ನೊಂದರಲ್ಲಿ ಅರೆನಗ್ನ ಹೆಣ್ಣು. ರಾಕ್ಷಸ ವೇಷ ನಮಗೇನು ಹೊಸದಲ್ಲ. ಯಕ್ಷಗಾನದ ಬಣ್ಣದ ವೇಷ ಅಬ್ಬರಿಸುತ್ತ ರಂಗಕ್ಕೆ ಬಂದರೆ ಮಕ್ಕಳು ಅಮ್ಮನ ಸೆರಗು ಹಿಡಿಯುತ್ತಾರೆ. ಆದರೆ ಅಲ್ಲಿ ರಾಕ್ಷಸನಿಗೂ ಅರ್ಥಗಾರಿಕೆ ಇದೆ, ತನ್ನ ವಾದ ಹೇಳಿಕೊಂಡೇ ಸಾಯುತ್ತಾನೆ. ಭಿತ್ತಿಪತ್ರದ ಗೊರಿಲ್ಲಾಗೆ ಬಾಯಿ ಇರುವುದು ಹಲ್ಲು ತೋರಿಸಲಿಕ್ಕೆ ಮಾತ್ರ.

ಹಾಗೆಂದು ಕೋರೆಹಲ್ಲಿನ ಚಿತ್ರಗಳೆಲ್ಲ ಒಂದೇ ಅಲ್ಲ. 1971ರಲ್ಲಿ ಬಾಂಗ್ಲಾದ ಕಲಾವಿದ ಕಮ್ರುಲ್ ಹಸನ್ ಪಾಕಿಸ್ತಾನದ ಅಧ್ಯಕ್ಷ ಯಾಹ್ಯಾ ಖಾನ್ ಮುಖವನ್ನು ಕೋರೆಹಲ್ಲಿನ ದೆವ್ವವಾಗಿ ಬರೆದು, ಈ ಮೃಗಗಳನ್ನು ಕೊಲ್ಲಲೇಬೇಕು ಎಂದು ಬಂಗಾಳಿಯಲ್ಲಿ ಅಡಿಬರಹ ಕೊಟ್ಟರು. ಬಾಂಗ್ಲಾ ವಿಮೋಚನಾ ಯುದ್ಧದ ಅತಿ ಪ್ರಸಿದ್ಧ ಪೋಸ್ಟರ್ ಅದು. ಕ್ರೂರ ಚಿತ್ರ, ನಿಜ. ಆದರೆ ಮುಖ ಗುರುತಿಸಬಹುದಾದ್ದು, ಆತನ ಆದೇಶದಲ್ಲಿ ಆದ ಕೊಲೆಗಳೂ ನಿಜ. ಇದರ ಪಕ್ಕ 1942ರ ಫೆಬ್ರುವರಿ 13ರಂದು ನ್ಯೂಯಾರ್ಕಿನ ‘ಪಿಎಂ’ ಪತ್ರಿಕೆಯಲ್ಲಿ ಬಂದ ಡಾ. ಸ್ಯೂಸ್ ವ್ಯಂಗ್ಯಚಿತ್ರ ಇಟ್ಟು ನೋಡಿ. ಅಮೆರಿಕದ ಪಶ್ಚಿಮ ಕರಾವಳಿಯ ಉದ್ದಕ್ಕೂ ಜಪಾನಿ ಮೂಲದವರ ಸಾಲು, ಎಲ್ಲರಿಗೂ ಒಂದೇ ಕನ್ನಡಕ, ಒಂದೇ ನಗೆ, ಸರದಿಯಲ್ಲಿ ನಿಂತು ಸ್ಫೋಟಕದ ಪೊಟ್ಟಣ ಪಡೆಯುತ್ತಿದ್ದಾರೆ. ಯಾರ ಹೆಸರೂ ಇಲ್ಲ, ಯಾರ ತಪ್ಪೂ ಇಲ್ಲ, ಮುಖವೇ ತಪ್ಪು. ಆರು ದಿನಗಳ ನಂತರ ರೂಸ್‌ವೆಲ್ಟ್ ಸಹಿ ಮಾಡಿದ ಆದೇಶದಡಿ ಸುಮಾರು 1.2 ಲಕ್ಷ ಜನರನ್ನು ಮನೆಯಿಂದೆಬ್ಬಿಸಿ ಶಿಬಿರಗಳಿಗೆ ತಳ್ಳಲಾಯಿತು, ಅವರಲ್ಲಿ ಹೆಚ್ಚಿನವರು ಅಮೆರಿಕದ ಪ್ರಜೆಗಳೇ. ಆದೇಶಕ್ಕೆ ಆ ಚಿತ್ರ ಕಾರಣವಲ್ಲ. ಆದರೆ ಕರಿಯರ, ಯಹೂದಿಗಳ ಮೇಲಿನ ದ್ವೇಷವನ್ನು ಅದೇ ಪುಟಗಳಲ್ಲಿ ಗೇಲಿ ಮಾಡುತ್ತಿದ್ದ ಕೈಯೇ ಇದನ್ನೂ ಬರೆಯಿತು, ಆ ಉದಾರವಾದಿ ಪತ್ರಿಕೆಯೂ ಅದನ್ನು ಸಹಜವೆಂಬಂತೆ ಅಚ್ಚುಹಾಕಿತು. ಇದೇ ಜಾತಿಯ ಚಿತ್ರಗಳನ್ನು ವರ್ಷಗಟ್ಟಲೆ ವಾರವಾರವೂ ಪ್ರಕಟಿಸಿದ ನಾಜಿ ಪತ್ರಿಕೆ ‘ಡೇರ್ ಸ್ಟ್ಯೂರ್ಮರ್’ನ ಯೂಲಿಯುಸ್ ಸ್ಟ್ರೈಖರ್‌ನನ್ನು ನ್ಯೂರೆಂಬರ್ಗ್ ನ್ಯಾಯಮಂಡಳಿ 1946ರಲ್ಲಿ ಗಲ್ಲಿಗೇರಿಸಿತು. ಅವನು ಯುದ್ಧ ನಡೆಸಿದವನಲ್ಲ, ಪತ್ರಿಕೆ ನಡೆಸಿದವನು.

ಶತ್ರು ಯಾರು ಎಂದು ಸರ್ಕಾರ ಹೇಳುವ ಮೊದಲೇ ಅವನನ್ನು ಗೇಲಿ ಮಾಡಿದರೆ ಏನಾಗುತ್ತದೆ ಎಂಬುದು ವ್ಯಂಗ್ಯಚಿತ್ರಕಾರ ಡೇವಿಡ್ ಲೋ ಅವರಿಗೆ ಗೊತ್ತಿತ್ತು. ಲಂಡನ್ನಿನ ‘ಈವ್ನಿಂಗ್ ಸ್ಟ್ಯಾಂಡರ್ಡ್’ನಲ್ಲಿ ಅವರು ಹಿಟ್ಲರನನ್ನು ಕೋಡಂಗಿ ಮಾಡುತ್ತಿದ್ದರು. 1937ರ ನವೆಂಬರ್‌ನಲ್ಲಿ ಬ್ರಿಟಿಷ್ ಮಂತ್ರಿ ಹ್ಯಾಲಿಫ್ಯಾಕ್ಸ್ ಜರ್ಮನಿಗೆ ಹೋದಾಗ ಹಿಟ್ಲರನ ಪ್ರಚಾರಮಂತ್ರಿ ಗೊಬೆಲ್ಸ್ ಈ ಬಗ್ಗೆ ದೂರಿದ. ವಾಪಸು ಬಂದ ಮೇಲೆ ಸ್ವಲ್ಪ ಕೈ ಬಿಗಿಹಿಡಿಯಿರಿ ಎಂದು ಲೋ ಅವರಿಗೆ ಹೇಳಿದ್ದು ಆ ಬ್ರಿಟಿಷ್ ಮಂತ್ರಿಯೇ. ಕೆಲಕಾಲ ಅವರು ಹಿಟ್ಲರ್, ಮುಸೋಲಿನಿ ಇಬ್ಬರನ್ನೂ ಕಲಸಿದ ‘ಮಜ್ಲರ್’ ಎಂಬ ಪಾತ್ರ ಬರೆದು ಸಂಭಾಳಿಸಿದರು. ಎರಡು ವರ್ಷ ಕಳೆಯಿತು, ಯುದ್ಧ ಬಂತು, ಅದೇ ಕೋಡಂಗಿ ಚಿತ್ರ ದೇಶಭಕ್ತಿಯಾಯಿತು.

ಲೋ ಅವರದು ಸುಖಾಂತ್ಯದ ಕಥೆ. ಇನ್ನೊಬ್ಬ ಬ್ರಿಟಿಷ್ ವ್ಯಂಗ್ಯಚಿತ್ರಕಾರ ಫಿಲಿಪ್ ಝೆಕ್ ಅವರ ಪ್ರಕರಣದಲ್ಲಿ ಯುದ್ಧಕಾಲದ ಸರ್ಕಾರಕ್ಕೆ ನಿಜವಾಗಿ ಚುಚ್ಚುವುದು ಯಾವುದು ಎಂಬುದು ಬಯಲಾಗುತ್ತದೆ. 1942ರ ಮಾರ್ಚ್ 6ರಂದು ‘ಡೈಲಿ ಮಿರರ್’ನಲ್ಲಿ ಅವರ ಒಂದು ಚಿತ್ರ ಬಂತು. ಕತ್ತಲ ಕಡಲು, ಟಾರ್ಪೆಡೊಗೆ ಸಿಕ್ಕ ಹಡಗಿನ ನಾವಿಕನೊಬ್ಬ ತೆಪ್ಪವೊಂದಕ್ಕೆ ಅಂಟಿಕೊಂಡಿದ್ದಾನೆ. ಕೆಳಗೆ, ‘ಪೆಟ್ರೋಲ್ ಬೆಲೆ ಒಂದು ಪೆನ್ನಿ ಏರಿದೆ: ಅಧಿಕೃತ’. ಆ ಅಡಿಬರಹ ಅವರದಲ್ಲ, ಸಹೋದ್ಯೋಗಿ ಅಂಕಣಕಾರ ‘ಕಸಾಂಡ್ರಾ’ ಕೊಟ್ಟದ್ದು. ನೀವು ಸುಡುವ ಪೆಟ್ರೋಲಿನ ಹಿಂದೆ ಒಬ್ಬನ ಜೀವ ಇದೆ, ಪೋಲು ಮಾಡಬೇಡಿ ಎಂಬುದಷ್ಟೇ ತನ್ನ ಉದ್ದೇಶವೆಂದು ಝೆಕ್ ಹೇಳಿದರು. ಚರ್ಚಿಲ್ ಸರ್ಕಾರ ಓದಿದ್ದು ಬೇರೆ: ಯಾರದೋ ಲಾಭಕ್ಕಾಗಿ ನಾವಿಕ ಸಾಯುತ್ತಿದ್ದಾನೆ. ಗೃಹಮಂತ್ರಿ ಹರ್ಬರ್ಟ್ ಮಾರಿಸನ್ ಪತ್ರಿಕೆಯ ಮುಖ್ಯಸ್ಥರನ್ನು ಕರೆಸಿ, ಯುದ್ಧಕಾಲದ 2ಡಿ ನಿಯಮದಡಿ ಮುಚ್ಚಿಸಬೇಕಾದೀತೆಂದು ಎಚ್ಚರಿಸಿದರು. ಝೆಕ್ ಹಿನ್ನೆಲೆಯನ್ನು ಗುಪ್ತಚರರು ಜಾಲಾಡಿದರು. ಪಾರ್ಲಿಮೆಂಟಿನಲ್ಲೇ ಚರ್ಚೆಯಾಯಿತು.

ನನ್ನ ಓದಿನಲ್ಲಿ ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆ ಚಿತ್ರ ಎರಡನ್ನೂ ಹೇಳುತ್ತದೆ, ಅದಕ್ಕೇ ಅದು ಒಳ್ಳೆಯ ವ್ಯಂಗ್ಯಚಿತ್ರ. ಫೂಗಾಸ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಕಲಾವಿದ 1940ರಲ್ಲಿ ಸರ್ಕಾರಕ್ಕಾಗಿ ಮಾಡಿಕೊಟ್ಟ ಪೋಸ್ಟರುಗಳಲ್ಲಿ ಹರಟುವ ಇಬ್ಬರು ಹೆಂಗಸರ ಹಿಂದಿನ ಸೀಟಿನಲ್ಲಿ ಹಿಟ್ಲರ್ ಮತ್ತು ಗೋರಿಂಗ್ ಕಿವಿಗೊಟ್ಟು ಕೂತಿರುತ್ತಾರೆ. ಬಾಯಿ ಬಿಗಿಹಿಡಿಯಿರಿ ಎಂಬ ಎಚ್ಚರಿಕೆಯನ್ನು ಇಷ್ಟು ನಗಿಸುತ್ತ ಹೇಳಿದವರು ಕಡಿಮೆ. ಆದರೂ ಅವುಗಳಿಂದ ಒಂದೇ ಅರ್ಥ ಹೊರಡುತ್ತದೆ, ಹೊರಡಬೇಕು. ಭಿತ್ತಿಪತ್ರದ ಕೆಲಸವೇ ಅದು. ನಾವಿಕನ ಚಿತ್ರದಲ್ಲಿ ಅರ್ಥ ಸೋರುತ್ತಿತ್ತು, ಸೋರಿದ್ದು ಮನೆಯ ಕಡೆಗೆ. ಹಿಟ್ಲರನಿಗೆ ಹಾವಿನ ಮೈ ಬರೆದದ್ದಕ್ಕೆ ಯಾವ ಬ್ರಿಟಿಷ್ ವ್ಯಂಗ್ಯಚಿತ್ರಕಾರನ ಮೇಲೂ ಪಾರ್ಲಿಮೆಂಟಿನಲ್ಲಿ ಚರ್ಚೆಯಾಗಲಿಲ್ಲ. ಅಮೆರಿಕದಲ್ಲೂ ಹೀಗೆಯೇ. ಮೊದಲ ಯುದ್ಧದಲ್ಲಿ ಗೊರಿಲ್ಲಾ ಬರೆದವರನ್ನು ಯಾರೂ ಕೇಳಲಿಲ್ಲ, ಯುದ್ಧವನ್ನೇ ಟೀಕಿಸಿದ ‘ದಿ ಮಾಸಸ್’ ಪತ್ರಿಕೆಯವರನ್ನು ಬೇಹುಗಾರಿಕಾ ಕಾಯ್ದೆಯಡಿ ಕೋರ್ಟಿಗೆಳೆದರು. 1918ರಲ್ಲಿ ಎರಡು ಸಲ ವಿಚಾರಣೆ ನಡೆದು ಎರಡೂ ಸಲ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. ಆರೋಪಿಗಳಲ್ಲಿ ಒಬ್ಬರಾದ ವ್ಯಂಗ್ಯಚಿತ್ರಕಾರ ಆರ್ಟ್ ಯಂಗ್ ವಿಚಾರಣೆಯ ನಡುವೆ ನಿದ್ದೆ ಹೋದರು, ಆಮೇಲೆ ತೂಕಡಿಸುವ ತನ್ನನ್ನೇ ಬರೆದುಕೊಂಡರು.

ನಮ್ಮ ನೆಲದ ಉದಾಹರಣೆ ಇದಕ್ಕಿಂತ ಕಠೋರ. ಚಿತ್ತಪ್ರಸಾದ್ ಕಮ್ಯುನಿಸ್ಟ್ ಪಕ್ಷದ ಕಲಾವಿದರು. ಸೋವಿಯತ್ ಒಕ್ಕೂಟದ ಮೇಲೆ ಜರ್ಮನಿ ದಾಳಿ ಮಾಡಿದ ಮೇಲೆ ಪಕ್ಷ ಯುದ್ಧವನ್ನು ಜನಯುದ್ಧವೆಂದು ಕರೆಯಿತು, ಅವರು ಜಪಾನಿ ಫ್ಯಾಸಿಸಂ ವಿರುದ್ಧ ಪೋಸ್ಟರು ಬರೆದರು. ಬ್ರಿಟಿಷರ ಲೆಕ್ಕದಲ್ಲಿ ಆಗ ಅದು ಉಪಯೋಗಕ್ಕೆ ಬರುವ ಕಲೆ. 1943ರ ನವೆಂಬರ್‌ನಲ್ಲಿ ಅವರು ಮಿಡ್ನಾಪುರ ಜಿಲ್ಲೆಯನ್ನು ನಡೆದು ಸುತ್ತಿದರು. ಬಂಗಾಳದ ಬರದಲ್ಲಿ ಸತ್ತವರು 20ರಿಂದ 30 ಲಕ್ಷ ಎಂಬ ಅಂದಾಜಿದೆ. ಕಂಡದ್ದನ್ನು ಅವರು ಕಪ್ಪು ಶಾಯಿಯಲ್ಲಿ ಬರೆದರು: ಪಕ್ಕೆಲುಬು ಎಣಿಸಬಹುದಾದ ಮೈಗಳು, ಖಾಲಿ ಗುಡಿಸಲು, ಹೆಣದ ಹತ್ತಿರದ ನಾಯಿ. ಯಾರಿಗೂ ಕೋರೆಹಲ್ಲಿಲ್ಲ, ಯಾವ ಅಧಿಕಾರಿಯನ್ನೂ ಗೇಲಿ ಮಾಡಿಲ್ಲ. ಆ ಚಿತ್ರಗಳ, ಟಿಪ್ಪಣಿಗಳ ಪುಸ್ತಕ ‘ಹಂಗ್ರಿ ಬೆಂಗಾಲ್’ ಅಚ್ಚಾದಾಗ ಸರ್ಕಾರ ಮುಟ್ಟುಗೋಲು ಹಾಕಿ ಸುಮಾರು 5000 ಪ್ರತಿಗಳನ್ನು ನಾಶಮಾಡಿತು. ಚಿತ್ರಕಾರ ಅದೇ, ಪೆನ್ನು ಅದೇ. ಜಪಾನಿನ ಮೇಲಿದ್ದ ಕಣ್ಣನ್ನು ಅನ್ನದ ಮೇಲೆ ಇಟ್ಟದ್ದೇ ಅಪರಾಧ.

(ಝೆಕ್ ಚಿತ್ರ ಬಂದ ಅದೇ 1942ರಲ್ಲಿ, ಯುದ್ಧ ಬಿಸಿಯೇರಿದ್ದಾಗ, ಬೆಂಗಳೂರಿನಲ್ಲಿ ರಾಶಿಯವರು ‘ಕೊರವಂಜಿ’ ಆರಂಭಿಸಿದರು. ಮೈಸೂರಿನ ಹುಡುಗ ಆರ್.ಕೆ. ಲಕ್ಷ್ಮಣ್ ತಮ್ಮ ಆರಂಭದ ಗೆರೆಗಳನ್ನು ಎಳೆದ ಪತ್ರಿಕೆ ಅದು. ಕನ್ನಡದ ನಗೆ ಪತ್ರಿಕೆಯೊಂದು ಹುಟ್ಟಲು ಅದಕ್ಕಿಂತ ಕೆಟ್ಟ ಕಾಲ ಸಿಗುತ್ತಿರಲಿಲ್ಲ, ಆದರೂ ಅದು ಕಾಲು ಶತಮಾನ ನಡೆಯಿತು.)

ಸುಳ್ಳು ಚಿತ್ರಕ್ಕೆ ಬಡ್ಡಿ ಕಟ್ಟುವವರು ಬೇರೆಯವರು. 1917ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಪತ್ರಿಕೆಗಳು, ಜರ್ಮನರು ತಮ್ಮ ಸೈನಿಕರ ಹೆಣಗಳನ್ನು ಕುದಿಸಿ ಕೊಬ್ಬು ತೆಗೆಯುವ ಕಾರ್ಖಾನೆ ನಡೆಸುತ್ತಿದ್ದಾರೆಂದು ಬರೆದವು. ಲಂಡನ್ನಿನ ಹಾಸ್ಯ ಪತ್ರಿಕೆ ‘ಪಂಚ್’ ಅದೇ ತಿಂಗಳು ಅದನ್ನು ವ್ಯಂಗ್ಯಚಿತ್ರ ಮಾಡಿತು: ಜರ್ಮನ್ ಚಕ್ರವರ್ತಿ ಕೈಸರ್ ಹೊಸ ಸೈನಿಕನೊಬ್ಬನಿಗೆ ಹೊಗೆಯುಗುಳುವ ಆ ಕಾರ್ಖಾನೆ ತೋರಿಸುತ್ತಾನೆ, ಬದುಕಿದರೂ ಸತ್ತರೂ ನೀನು ಉಪಯೋಗಕ್ಕೆ ಬರುತ್ತೀ ಎಂಬ ಧಾಟಿಯಲ್ಲಿ. ಕಥೆ ನಿರಾಧಾರವೆಂದು ಬ್ರಿಟನ್ ಪಾರ್ಲಿಮೆಂಟಿನಲ್ಲಿ ಒಪ್ಪಿಕೊಂಡದ್ದು 1925ರ ಡಿಸೆಂಬರ್‌ನಲ್ಲಿ. ಅದರ ಜತೆಗೆ, 1914ರಲ್ಲಿ ಬೆಲ್ಜಿಯಂನಲ್ಲಿ ಜರ್ಮನ್ ಸೇನೆ ಸುಮಾರು 6000 ನಾಗರಿಕರನ್ನು ನಿಜವಾಗಿಯೇ ಕೊಂದದ್ದೂ ಜನರ ಕಣ್ಣಲ್ಲಿ ಕಟ್ಟುಕಥೆಯಾಯಿತು. 1943ರಲ್ಲಿ ಪೋಲೆಂಡಿನಿಂದ ವಿಷಾನಿಲದ ಕೊಲೆಗಳ ವರದಿ ಬಂದಾಗ ಬ್ರಿಟಿಷ್ ಅಧಿಕಾರಿಯೊಬ್ಬ, ಹಿಂದಿನ ಯುದ್ಧದ ಹೆಣದ ಕೊಬ್ಬಿನ ಕಥೆಯಂತೆ ಇದೆ ಎಂದು ಕಡತದಲ್ಲಿ ಷರಾ ಬರೆದ. 2025ರ ಮೇ ತಿಂಗಳ ಗೇಮ್ ತುಣುಕುಗಳ ಬಗ್ಗೆ ನನಗಿರುವ ಭಯವೂ ಇದೇ. ಪೂಂಛ್‌ನಲ್ಲಿ ಶೆಲ್ ದಾಳಿಗೆ ಸತ್ತವರ ನಿಜವಾದ ಚಿತ್ರ ಬಂದಾಗಲೂ ‘ಎಐ ಇರಬೇಕು’ ಎಂದು ಬೆರಳು ಸರಿಸುವವರು ತಯಾರಾಗಿದ್ದಾರೆ.

ಗಾಜಾ ಯುದ್ಧ ಬಂದ ಮೇಲೆ ಸಂಪಾದಕೀಯ ವ್ಯಂಗ್ಯಚಿತ್ರದ ಪಾಡು ಇನ್ನೂ ಇಕ್ಕಟ್ಟಿನದಾಗಿದೆ. 2023ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ‘ಗಾರ್ಡಿಯನ್’ ಪತ್ರಿಕೆಯ ವ್ಯಂಗ್ಯಚಿತ್ರಕಾರ ಸ್ಟೀವ್ ಬೆಲ್, ಇಸ್ರೇಲ್ ಪ್ರಧಾನಿ ನೆತನ್ಯಾಹು ತನ್ನ ಹೊಟ್ಟೆಯ ಮೇಲೆ ಗಾಜಾ ಆಕಾರ ಕೊಯ್ದುಕೊಳ್ಳುವ ಚಿತ್ರ ಬರೆದರು. ವಿಯೆಟ್ನಾಂ ಆಕಾರದ ಗಾಯದ ಗುರುತು ತೋರಿಸುವ ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್‌ನನ್ನು ಡೇವಿಡ್ ಲೆವಿನ್ 1966ರಲ್ಲಿ ಬರೆದಿದ್ದರು, ಅದಕ್ಕೆ ಇದು ನಮಸ್ಕಾರ ಎಂದರು. ‘ಗಾರ್ಡಿಯನ್’ ಇದರಲ್ಲಿ ಯಹೂದಿ ದ್ವೇಷದ ಹಳೆಯ ಛಾಯೆ ಕಂಡು ಪ್ರಕಟಿಸಲಿಲ್ಲ, ಬೆಲ್ ಅವರ ದಶಕಗಳ ಗುತ್ತಿಗೆಯೂ ಮುಂದುವರಿಯಲಿಲ್ಲ. ಮುಂದಿನ ತಿಂಗಳೇ ‘ವಾಷಿಂಗ್ಟನ್ ಪೋಸ್ಟ್’, ಹಮಾಸ್ ವಕ್ತಾರ ಹೆಂಗಸು ಮಕ್ಕಳನ್ನು ಮೈಗೆ ಕಟ್ಟಿಕೊಂಡಿರುವ ಮೈಕೆಲ್ ರಾಮಿರೆಜ್ ಚಿತ್ರವನ್ನು ಪ್ರಕಟಿಸಿ, ಜನಾಂಗೀಯವೆಂಬ ಆಕ್ಷೇಪ ಎದ್ದ ಮೇಲೆ ಹಿಂತೆಗೆದುಕೊಂಡಿತು. ಎರಡನೆಯದರಲ್ಲಿ ಮೂಗು, ಹಲ್ಲುಗಳ ಅತಿರೇಕ ನನಗೂ ಕಂಡಿತು. ಮೊದಲನೆಯದನ್ನು ಓದುಗರ ಮುಂದಿಡಬಹುದಿತ್ತು. ಆದರೆ ಸಂಪಾದಕರು ಒಂದೊಂದು ಗೆರೆಗೂ ಹೀಗೆ ತಲೆ ಕೆಡಿಸಿಕೊಳ್ಳುತ್ತಿದ್ದ ಅದೇ ಯುದ್ಧದಲ್ಲಿ, 2024ರ ಮೇ ತಿಂಗಳಲ್ಲಿ, ‘ಎಲ್ಲರ ಕಣ್ಣು ರಫಾ ಮೇಲೆ’ ಎಂಬ ಎಐ ಚಿತ್ರವನ್ನು ಇನ್‌ಸ್ಟಾಗ್ರಾಂನಲ್ಲಿ ನಾಲ್ಕು ಕೋಟಿಗೂ ಹೆಚ್ಚು ಸಲ ಹಂಚಿಕೊಳ್ಳಲಾಯಿತು. ಅಚ್ಚುಕಟ್ಟಾದ ಡೇರೆಗಳು, ದೂರದಲ್ಲಿ ಹಿಮದ ಬೆಟ್ಟ. ರಫಾದಲ್ಲಿ ಅಂಥ ಬೆಟ್ಟವೂ ಇಲ್ಲ, ಅಂಥ ಅಚ್ಚುಕಟ್ಟೂ ಇಲ್ಲ. ರಕ್ತವಿಲ್ಲದ್ದರಿಂದಲೇ ಅದು ಎಲ್ಲ ಜಾಲರಿ ದಾಟಿ ಹೋಯಿತು.

ನಮ್ಮಲ್ಲೂ ಬೇಲಿ ಹತ್ತಿರ ಬರುತ್ತಿದೆ. ಚೀನಾ ನಮ್ಮ ನೆರೆಯಲ್ಲಿ ಪ್ರಭಾವ ಬೆಳೆಸಿಕೊಳ್ಳುತ್ತಿರುವ ಬಗ್ಗೆ ಕುಂದಾಪುರದ ಸತೀಶ್ ಆಚಾರ್ಯ 2018ರಲ್ಲಿ ಬರೆದ ಚಿತ್ರವನ್ನು ಅವರು ಕೆಲಸ ಮಾಡುತ್ತಿದ್ದ ದೈನಿಕ ಹಾಕಲಿಲ್ಲ, ಆ ಪತ್ರಿಕೆಯೊಂದಿಗಿನ ಅವರ ನಂಟೂ ಮುಗಿಯಿತು. ಚಿತ್ರ ಚೀನಾವನ್ನು ಹೊಗಳುತ್ತಿರಲಿಲ್ಲ. 2025ರ ಫೆಬ್ರುವರಿಯಲ್ಲಿ ಸಂಕೋಲೆ ತೊಟ್ಟ ಪ್ರಧಾನಿಯನ್ನು ಟ್ರಂಪ್ ಪಕ್ಕ ಕೂರಿಸಿದ ಒಂದು ಚಿತ್ರಕ್ಕಾಗಿ ತಮಿಳಿನ ‘ವಿಕಟನ್’ ಜಾಲತಾಣವನ್ನೇ ತಡೆಹಿಡಿಯಲಾಯಿತು. ಆ ಚಿತ್ರ ತಾತ್ಕಾಲಿಕವಾಗಿ ತೆಗೆದರೆ ತಾಣ ತೆರೆಯಬೇಕು ಎಂದು ಮದ್ರಾಸ್ ಹೈಕೋರ್ಟ್ ಮಾರ್ಚ್‌ನಲ್ಲಿ ಹೇಳಿತು.

ಎಐ ಚಿತ್ರಗಳಿಗೆ ಕೇಂದ್ರ ಸರ್ಕಾರ ಯೋಚಿಸಿದ ಮದ್ದು ಚೀಟಿ. 2025ರ ಅಕ್ಟೋಬರ್‌ನ ಕರಡು ನಿಯಮದಲ್ಲಿ, ಯಂತ್ರ ಬರೆದ ಚಿತ್ರದ ಕನಿಷ್ಠ ಶೇ 10ರಷ್ಟು ಜಾಗದಲ್ಲಿ ಆ ವಿಷಯ ನಮೂದಾಗಬೇಕೆಂದಿತ್ತು. ಇದು ಬೇಕಾದ್ದೇ, ಆದರೆ ಸಾಲದು. ಯಂತ್ರ ಬರೆಯಿತೆಂದು ತಿಳಿಯುತ್ತದೆ, ಬರೆಸಿದವರು ಯಾರೆಂದು ತಿಳಿಯುವುದಿಲ್ಲ. ನೂರು ವರ್ಷದ ಹಿಂದಿನ ಬ್ರಿಟಿಷ್ ಭರ್ತಿ ಪೋಸ್ಟರಿನ ಅಡಿಯಲ್ಲೂ ಪ್ರಕಟಿಸಿದ ಸಮಿತಿಯ, ಮುದ್ರಕನ ಹೆಸರು ಸಣ್ಣಕ್ಷರದಲ್ಲಿ ಇರುತ್ತಿತ್ತು. ನಮ್ಮ ಗ್ರಾಮ ಪಂಚಾಯಿತಿ ಮಟ್ಟದ ಕಾರ್ಯಕರ್ತನಿಗೂ ಇದು ಗೊತ್ತು: 1951ರ ಜನಪ್ರಾತಿನಿಧ್ಯ ಕಾಯ್ದೆಯ 127ಎ ಸೆಕ್ಷನ್ ಪ್ರಕಾರ ಚುನಾವಣೆಯ ಕರಪತ್ರ, ಪೋಸ್ಟರುಗಳ ಮೇಲೆ ಮುದ್ರಕ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ವೋಟು ಕೇಳುವ ಚಿತ್ರಕ್ಕಿರುವ ಈ ನಿಯಮ ರಕ್ತ ಕೇಳುವ ಚಿತ್ರಕ್ಕಿಲ್ಲ.

ಈ ಹೆಸರಿನ ನಿಯಮವನ್ನು ಚಿತ್ರ ಬರೆಯುವವರ ಮೇಲೆ ಹೇರಿದರೆ ಮಾತ್ರ ಅನಾಹುತ. ಪ್ಯಾಲೆಸ್ಟೀನಿನ ವ್ಯಂಗ್ಯಚಿತ್ರಕಾರ ನಾಜಿ ಅಲ್ ಅಲಿ ಇಸ್ರೇಲನ್ನಷ್ಟೇ ಅಲ್ಲ, ಅರಬ್ ದೊರೆಗಳನ್ನೂ ತಮ್ಮದೇ ನಾಯಕರನ್ನೂ ಬಿಡದೆ ಬರೆದರು. 1987ರ ಜುಲೈ 22ರಂದು ಲಂಡನ್ ಬೀದಿಯಲ್ಲಿ ಅವರಿಗೆ ಗುಂಡು ಹೊಡೆದರು, ಐದು ವಾರದ ನಂತರ ತೀರಿಕೊಂಡರು. ಹೊಡೆಸಿದವರು ಯಾರೆಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಕಮ್ರುಲ್ ಹಸನ್ 1971ರಲ್ಲಿ ಯಾಹ್ಯಾನನ್ನು ಬರೆದಾಗ ಬೆನ್ನ ಹಿಂದೆ ಹಂಗಾಮಿ ಸರ್ಕಾರವೇ ಇತ್ತು. 1988ರ ಫೆಬ್ರುವರಿ 2ರಂದು ಢಾಕಾದ ಕವಿಗೋಷ್ಠಿಯಲ್ಲಿ ಕೂತು, ದೇಶ ನಾಚಿಕೆಗೇಡಿಯೊಬ್ಬನ ಕೈಗೆ ಸಿಕ್ಕಿದೆ ಎಂದು ತನ್ನದೇ ದೇಶದ ಸರ್ವಾಧಿಕಾರಿ ಎರ್ಷಾದ್ ಬಗ್ಗೆ ಗೀಚಿದಾಗ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಅಲ್ಲೇ ಹೃದಯಾಘಾತವಾಗಿ ಸತ್ತರು. ಹಾಗಾಗಿ ಹೆಸರು ಹೇಳಬೇಕಾದ್ದು ಚಿತ್ರಕ್ಕೆ ದುಡ್ಡು ಕೊಟ್ಟು ಹರಡಿಸುವ ಇಲಾಖೆ, ಪಕ್ಷ, ಏಜೆನ್ಸಿ. 2025ರ ಆ ಕರಡಿನಲ್ಲಿ ಈ ಭೇದವೇ ಇರಲಿಲ್ಲ.